ಅಗ್ಗದ ಸಬ್‌ವೂಫರ್ ಎಲ್ಲಿ ಸೋಲುತ್ತದೆ? ಡೊಂಬಿವಲಿಯ ನಮ್ಮ ಹಾಲ್‌ನಲ್ಲಿ ನಾನು ಪರೀಕ್ಷೆ ಮಾಡಿದ ಬಗೆ

ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಎವಿ ರಿಸೀವರ್ (ಟಿವಿಯ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಮತ್ತು ಐದು ಸ್ಪೀಕರ್‌ಗಳನ್ನು ನಮ್ಮ ಹಾಲ್‌ನಲ್ಲೇ ಬಿಟ್ಟ. ಬೇಸ್ ಅನ್ನುವ ತೀರ ಕೆಳಗಿನ ಸ್ವರಗಳನ್ನು ಬಾರಿಸುವ ಸಬ್‌ವೂಫರ್ ಮಾತ್ರ ಹೊತ್ತುಕೊಂಡು ಹೋದ. ಆಮೇಲೆ ಸಿನಿಮಾ ಹಾಕಿದರೆ ಗುಡುಗಿನ ಸದ್ದು ಪಕ್ಕದ ಮನೆಯಲ್ಲಿ ಯಾರೋ ಹಪ್ಪಳ ಮುರಿದ ಹಾಗೆ ಕೇಳುತ್ತಿತ್ತು. ನಮ್ಮನೆಯವರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ನನಗಿತ್ತು. ಇಪ್ಪತ್ತಾರು ವರ್ಷ ರಾತ್ರಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಗಾಜಿನ ಕೊಳವೆಗೆ ನೀರು ತುಂಬಿ, 512 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 512 ಸಲ ಅದುರುವ, ಟ್ಯೂನಿಂಗ್ ಫೋರ್ಕ್ ಬಡಿದು, ನೀರು ಇಳಿಸುತ್ತಾ ಹೋಗಿ ಸುಮಾರು 17 ಸೆಂಟಿಮೀಟರ್ ಗಾಳಿಯ ಕಂಬ ಸಿಕ್ಕ ಕೂಡಲೇ ಕೊಳವೆ ಹಾಡುವುದನ್ನು ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ಹಾಲ್ ಕೂಡ ಅಂಥದೇ ಒಂದು ದೊಡ್ಡ ಕೊಳವೆ ಅಂತ ಹೊಳೆದದ್ದು ಮಾತ್ರ ನಿವೃತ್ತಿಯಾದ ಮೇಲೆ.

ಹೊಸ ಸಬ್‌ವೂಫರ್‌ಗೆ ನಾನು ಇಟ್ಟುಕೊಂಡ ಹಣ 12 ಸಾವಿರ. ಈ ಬೆಲೆಗೆ ಬರುವ ಯಾವ ಡಬ್ಬವೂ ಎಲ್ಲವನ್ನೂ ಮಾಡುವುದಿಲ್ಲ. ಎಲ್ಲೋ ಒಂದು ಕಡೆ ಅದು ಸೋಲುತ್ತದೆ. ಆ ಜಾಗ ಯಾವುದು ಅಂತ ಮೊದಲೇ ಪತ್ತೆ ಮಾಡಿಕೊಂಡು, ಅದಕ್ಕಿಂತ ಕೆಳಗಿನ ಸ್ವರಕ್ಕೆ ಅದನ್ನು ದುಡಿಸದೆ ಇದ್ದರೆ ಸಂಸಾರ ಸುಖವಾಗಿ ಸಾಗುತ್ತದೆ. ನನ್ನ ಪರೀಕ್ಷೆಯೆಲ್ಲ ಆ ಜಾಗ ಹುಡುಕುವುದಕ್ಕೆ. ಎಷ್ಟು ಜೋರಾಗಿ ಬಾರಿಸುತ್ತದೆ ಅಂತ ನೋಡುವವರಿಗೆ ಈ ಬರಹ ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ.

ಅಂಗಡಿಯಲ್ಲಿ

ತಂಗಿಯ ಮಗನನ್ನು ಕರೆದುಕೊಂಡು ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಂಗಡಿಯ ಹುಡುಗ ಮೊದಲು ತೋರಿಸಿದ್ದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಹೇಳಿಕೊಳ್ಳುವ) ವ್ಯಾಟ್‌ಗಳನ್ನು. ಅದನ್ನು ಓದಲೇಬೇಡಿ. ಆ ಸಂಖ್ಯೆಯನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ವಿಧಾನವೇ ಇಲ್ಲ. ಯಾರಿಗೆ ಎಷ್ಟು ಬೇಕೋ ಅಷ್ಟು ಬರೆದುಕೊಳ್ಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಎಷ್ಟು ಅಂತ ಕೇಳಿ. ಅದರಲ್ಲೂ 100ರ ಬದಲು 200 ಸಿಕ್ಕಿತು ಅಂತ ಹಿಗ್ಗಬೇಡಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್.

ಎಷ್ಟು ಕೆಳಗಿನ ಸ್ವರದವರೆಗೆ ಹೋಗುತ್ತದೆ ಅನ್ನುವ ಸಂಖ್ಯೆಯನ್ನೂ ಹುಷಾರಾಗಿ ನೋಡಿ. ಸುಮ್ನೆ "20 ಹರ್ಟ್ಜ್‌ನಿಂದ" ಅಂತ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ಪಕ್ಕದಲ್ಲಿ 3 ಡೆಸಿಬಲ್ ಹೆಚ್ಚು ಅಥವಾ ಕಡಿಮೆ (±3 dB) ಅಂತ ಇದ್ದರೆ ಮಾತ್ರ ಅದೊಂದು ಮಾತು. ಹಿಂದುಗಡೆ ವಾಲ್ಯೂಮ್, ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಅನ್ನುವ ಗಡಿ), ಫೇಸ್ (ಅದರ ಅಲೆ ಬೇರೆ ಸ್ಪೀಕರ್‌ಗಳ ಅಲೆಯ ಜತೆ ಹೆಜ್ಜೆ ಹಾಕುವಂತೆ ಮಾಡುವುದು) ಈ ಮೂರೂ ಇರಲಿ. ವಾಪಸ್ ತೆಗೆದುಕೊಳ್ಳುತ್ತೀರಾ, ಎಷ್ಟು ದಿನದೊಳಗೆ, ಅಂತ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಂಗಡಿಯಲ್ಲಿ ಬಾರಿಸಿ ತೋರಿಸಿದ್ದನ್ನು ಕೇಳಿ ತೀರ್ಮಾನ ಮಾಡಬೇಡಿ. ಅಲ್ಲಿ ನೀವು ಕೇಳುವುದು ಅಂಗಡಿಯ ಕೋಣೆಯನ್ನು.

ನಾನು ತಂದದ್ದು 10 ಇಂಚಿನದು, ಮುಂದೆ ಗಾಳಿ ಹೋಗುವ ತೂತು ಇರುವಂಥದು. ಆ ತೂತಿಗೆ ಪೋರ್ಟ್ ಅನ್ನುತ್ತಾರೆ. ತೂಕ 13 ಕಿಲೋ. ದಾದರ್‌ನಲ್ಲಿ ಸೇತುವೆ ಹತ್ತಿ ಸೆಂಟ್ರಲ್ ಲೈನಿಗೆ ಬರುವಷ್ಟರಲ್ಲಿ ತಂಗಿಯ ಮಗ ಬೆವರಿ ಒದ್ದೆಯಾಗಿದ್ದ. ಅಲ್ಲಿಂದ ಅವನು ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ನಡುವೆ, ನಾನು ಹೆಂಗಸರ ಡಬ್ಬದಲ್ಲಿ.

ಮೊದಲು ಸುಮ್ಮನಿರುವುದನ್ನು ಕೇಳಿ

ಮನೆಗೆ ತಂದ ಕೂಡಲೇ ಸಿನಿಮಾ ಹಾಕಬೇಕು ಅನ್ನಿಸುತ್ತದೆ. ತಡೆಯಿರಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಡಬ್ಬಕ್ಕೆ ಕರೆಂಟ್ ಮಾತ್ರ ಕೊಟ್ಟು, ವಾಲ್ಯೂಮ್ ಅರ್ಧಕ್ಕೆ ಇಟ್ಟು ಹತ್ತಿರ ಕಿವಿ ಕೊಡಿ. ರಿಸೀವರ್‌ನಿಂದ ಬರುವ ಕೇಬಲ್ ಇನ್ನೂ ಹಾಕಬೇಡಿ. ಆಗಲೂ ಒಂದೇ ಸಮ "ಗೂಂ" ಅಂತಿದ್ದರೆ ದೋಷ ಡಬ್ಬದೊಳಗೇ ಇದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಜ್‌ನದು, ಆ ಗೂಂ ಕೂಡ 50 ಅಥವಾ ಅದರ ಎರಡರಷ್ಟು 100ರಲ್ಲಿ ಇರುತ್ತದೆ. ನನ್ನ ಮೊದಲ ಡಬ್ಬ ಹೀಗೇ ಗುಂಯ್‌ಗುಟ್ಟಿತು. ಅಂಗಡಿಯವನು "ಮ್ಯಾಡಂ, ಇದು ಪವರ್‌ಫುಲ್ ಅಲ್ವಾ, ಅದಕ್ಕೆ" ಅನ್ನುವ ಅರ್ಥದಲ್ಲಿ ಹಿಂದಿಯಲ್ಲಿ ಏನೋ ಹೇಳಿದ. ಬಿಲ್ಲಿನ ಮೇಲೆ ಬರೆಸಿದ್ದು ಆಗ ಕೆಲಸಕ್ಕೆ ಬಂತು. ಹುಡುಗ ಇನ್ನೊಮ್ಮೆ ದಾದರ್ ಸೇತುವೆ ಹತ್ತಿದ.

ಎರಡನೆಯದು ಒಂಟಿಯಾಗಿದ್ದಾಗ ಮೌನವಾಗಿತ್ತು. ಕೇಬಲ್ ಹಾಕಿದಾಗ ಮಾತ್ರ ಸಣ್ಣಗೆ ಗುಂಯ್ ಅಂದಿತು. ಇದು ಬೇರೆ ರೋಗ. ಎರಡು ಯಂತ್ರಗಳಿಗೆ ಎರಡು ದಾರಿಯಿಂದ ಅರ್ಥ್ ಸಿಕ್ಕಾಗ ನಡುವೆ ಸಣ್ಣ ಕರೆಂಟ್ ಓಡಾಡುತ್ತದೆ. ಎಲ್ಲವನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಸೆಟ್‌ಟಾಪ್ ಬಾಕ್ಸಿಗೆ ಹೊರಗಿನಿಂದ ಬರುವ ಕೇಬಲ್ ಬಿಚ್ಚಿ. ನಮ್ಮಲ್ಲಿ ಕಳ್ಳ ಅದೇ ಆಗಿತ್ತು. ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕಿ ಸರಿಹೋಯಿತು ಅನ್ನುತ್ತಾರೆ. ಸರಿಹೋಗುತ್ತದೆ ನಿಜ, ಮುಂದೆ ಯಾವತ್ತೋ ಕೈಗೆ ಶಾಕ್ ಹೊಡೆಯುತ್ತದೆ. ದಯವಿಟ್ಟು ಮಾಡಬೇಡಿ.

ಈಗ ರಿಸೀವರ್. ಸ್ಪೀಕರ್‌ಗಳನ್ನೆಲ್ಲ "ಸ್ಮಾಲ್" ಅಂತ ಇಡಿ, ನಿಮ್ಮವು ಎಷ್ಟೇ ಎತ್ತರ ಇರಲಿ, ಆಗ ಅವುಗಳ ಬೇಸ್ ಸಬ್‌ವೂಫರ್‌ಗೆ ಹೋಗುತ್ತದೆ. ಕ್ರಾಸ್‌ಓವರ್ 80 ಹರ್ಟ್ಜ್. ಸಿನಿಮಾ ಸದ್ದಿಗೆ ಮಾನದಂಡ ಹಾಕಿಕೊಡುವ ಟಿಎಚ್‌ಎಕ್ಸ್‌ನವರು ಹೇಳುವುದೂ ಇದೇ ಸಂಖ್ಯೆ, ಶುರು ಮಾಡಲು ಒಳ್ಳೆಯ ಜಾಗ. ಇಷ್ಟಾದ ಮೇಲೆ ಸಬ್‌ವೂಫರ್‌ನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಕೊನೆಯವರೆಗೆ ತಿರುಗಿಸಿಬಿಡಿ, ಇಲ್ಲವೇ "ಎಲ್‌ಎಫ್‌ಇ" ಅಂತಿದ್ದರೆ ಅಲ್ಲಿಗೆ ಇಡಿ. ರಿಸೀವರ್ ಒಮ್ಮೆ ಜರಡಿ ಹಿಡಿದ ಹಿಟ್ಟನ್ನು ಇನ್ನೊಂದು ಜರಡಿಗೆ ಹಾಕಿದರೆ ಒಳ್ಳೆಯ ಹಿಟ್ಟೂ ನಿಂತುಬಿಡುತ್ತದೆ. ರಿಸೀವರ್ ಕೋಣೆಗೆ ತಕ್ಕಂತೆ ಸದ್ದನ್ನು ತಾನಾಗಿ ಸರಿಮಾಡಿಕೊಳ್ಳುವ ವ್ಯವಸ್ಥೆ ಇದ್ದರೆ ಪರೀಕ್ಷೆ ಮುಗಿಯುವವರೆಗೆ ಅದನ್ನು ಆಫ್ ಮಾಡಿ.

ಮಂಡಿಯೂರಿ ತೆವಳುವ ಪರೀಕ್ಷೆ

ನಮ್ಮ ಹಾಲ್ 15 ಅಡಿ ಉದ್ದ, 10 ಅಡಿ ಅಗಲ. ಒಂದು ಸುಲಭದ ಲೆಕ್ಕ ಹೇಳುತ್ತೇನೆ. 570ನ್ನು ಕೋಣೆಯ ಅಳತೆಯಿಂದ, ಅಡಿಯಲ್ಲಿ, ಭಾಗಿಸಿ. 15ರಿಂದ ಭಾಗಿಸಿದರೆ 38. 10ರಿಂದ ಭಾಗಿಸಿದರೆ 57. ಇವು ನಮ್ಮ ಹಾಲ್ ತಾನಾಗಿ ಹಾಡುವ ಸ್ವರಗಳು. ನಮ್ಮ ಊರಿನ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,140 ಅಡಿ ಓಡುತ್ತದೆ, 570 ಅದರ ಅರ್ಧ. ಅರ್ಧ ಯಾಕೆಂದರೆ, ಎರಡು ಗೋಡೆಗಳ ನಡುವೆ ಅಲೆಯ ಅರ್ಧ ಭಾಗ ಸರಿಯಾಗಿ ಕೂತಾಗ ಕೋಣೆ ಅದನ್ನು ಹಿಡಿದುಕೊಂಡು ದೊಡ್ಡದು ಮಾಡುತ್ತದೆ. ಗೋಡೆಯ ಹತ್ತಿರ ಆ ಸ್ವರ ಊದಿಕೊಳ್ಳುತ್ತದೆ, ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಒಂದೇ ಡಬ್ಬ, ಒಂದೇ ಹಾಡು, ಮೂರು ಹೆಜ್ಜೆ ಆಚೆ ಹೋದರೆ ಬೇರೆ ಸದ್ದು. 40 ಹರ್ಟ್ಜ್‌ನ ಒಂದು ಅಲೆಯ ಉದ್ದ 28 ಅಡಿಗಿಂತ ಜಾಸ್ತಿ, ನಮ್ಮ ಹಾಲ್‌ನ ಸುಮಾರು ಎರಡರಷ್ಟು. ಅದು ಇಲ್ಲಿ ಮಡಿಚಿಕೊಂಡೇ ಬದುಕಬೇಕು. ಹಾಲ್‌ನಿಂದ ಅಡುಗೆಮನೆಗೆ ಬಾಗಿಲಿಲ್ಲದ ದಾರಿ ಇದ್ದರೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಹಾಗಾಗಿ ಡಬ್ಬವನ್ನು ಎಲ್ಲಿ ಇಡಬೇಕು ಅನ್ನುವುದು ಅದರ ಬೆಲೆಗಿಂತ ದೊಡ್ಡ ಪ್ರಶ್ನೆ. ಉಪಾಯ ಬಹಳ ಹಳೆಯದು. ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲೆ ಇಡಿ. ಬೇಸ್ ಮೇಲೆ ಕೆಳಗೆ ನಡೆದಾಡುವ ಒಂದು ಹಾಡಿನ ತುಣುಕನ್ನು ಮತ್ತೆ ಮತ್ತೆ ಬಾರಿಸಿ. ಆಮೇಲೆ ನೀವು ನೆಲದ ಮೇಲೆ ತೆವಳುತ್ತಾ, ಡಬ್ಬ ಇಡಬಹುದಾದ ಒಂದೊಂದು ಜಾಗದಲ್ಲೂ ತಲೆ ತಗ್ಗಿಸಿ ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಒಂದೇ ಸಮ ಕೇಳುತ್ತವೋ, ಯಾವುದೂ ಊದಿಕೊಳ್ಳದೆ ಯಾವುದೂ ಕಳೆದುಹೋಗದೆ, ಅಲ್ಲಿ ಡಬ್ಬ ಇಡಿ. ಸದ್ದು ಮಾಡುವ ಜಾಗ ಮತ್ತು ಕೇಳುವ ಜಾಗ ಅದಲುಬದಲಾದರೂ ಕೋಣೆಯ ಲೆಕ್ಕ ಬದಲಾಗುವುದಿಲ್ಲ, ಅದಕ್ಕೇ ಈ ಉಪಾಯ ನಡೆಯುತ್ತದೆ.

ನನ್ನ ಮಂಡಿ ತೆವಳುವ ಸ್ಥಿತಿಯಲ್ಲಿಲ್ಲ. ಹುಡುಗನನ್ನೇ ತೆವಳಿಸಿದೆ. ಅವನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ತಲೆ ಇಟ್ಟು "ದೊಡ್ಡಮ್ಮ, ಇಲ್ಲಿ ಚೆನ್ನಾಗಿದೆ" ಅನ್ನುತ್ತಿರುವಾಗಲೇ ಎದುರು ಮನೆಯವರು ವಿಳಾಸ ತಪ್ಪಿ ಬಂದ ಕೊರಿಯರ್ ಕೊಡಲು ಬಂದರು. ಏನೂ ಕೇಳದೆ ಕೊಟ್ಟು ಹೋದರು. ಮೂಲೆಯಲ್ಲಿ ಸದ್ದು ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಅಗ್ಗದ ಡಬ್ಬಕ್ಕೆ ಅದು ಪುಕ್ಕಟೆ ಸಿಗುವ ಶಕ್ತಿ ಅಂತ ಅಲ್ಲೇ ಇಡುವವರಿದ್ದಾರೆ. ನಮ್ಮಲ್ಲಿ ಮೂಲೆಯಲ್ಲಿಟ್ಟರೆ 38ರ ಸ್ವರ ಬಂದಾಗಲೆಲ್ಲ ಲೋಕಲ್ ಟ್ರೇನು ಹಾಲ್‌ನೊಳಗೇ ಬಂದ ಹಾಗಾಗುತ್ತಿತ್ತು. ಚಪ್ಪಲಿ ಸ್ಟ್ಯಾಂಡ್ ಜಾಗ ಬಿಟ್ಟುಕೊಟ್ಟಿತು.

ಸ್ವರದ ಮೆಟ್ಟಿಲು ಇಳಿಯುವುದು

ಮುಖ್ಯ ಪರೀಕ್ಷೆ ಇದು, ನಿಧಾನವಾಗಿ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ "ಜನರೇಟ್" ಅಂತ ಒಂದು ಮೆನು ಇದೆ, ಒಳಗೆ "ಟೋನ್". ಸೈನ್ ಆರಿಸಿ, ಜೋರು (ಆಂಪ್ಲಿಟ್ಯೂಡ್) 0.3 ಇಟ್ಟು, 100, 80, 60, 50, 45, 40, 35, 30, 25 ಹರ್ಟ್ಜ್‌ಗಳ ಎಂಟೆಂಟು ಸೆಕೆಂಡಿನ ತುಣುಕುಗಳನ್ನು ಮಾಡಿಕೊಳ್ಳಿ. ನಿಮ್ಮ ಕೋಣೆಯ ಲೆಕ್ಕದಲ್ಲಿ ಬಂದ ಎರಡು ಸ್ವರಗಳನ್ನೂ ಸೇರಿಸಿ. ಎಚ್‌ಡಿಎಂಐ ಕೇಬಲ್‌ನಿಂದ ರಿಸೀವರ್‌ಗೆ ಕೊಡಿ. ಸೋಫಾದಲ್ಲಿ ಕೂತು, ವಾಲ್ಯೂಮ್ ಮುಟ್ಟದೆ, ಮೇಲಿನಿಂದ ಕೆಳಕ್ಕೆ ಇಳಿಯಿರಿ. ಪಕ್ಕದಲ್ಲಿ ನೋಟ್‌ಬುಕ್ ಇರಲಿ.

ವಾಲ್ಯೂಮ್ ಮುಟ್ಟದೆ ಅಂದೆ. ಇದು ಬಹಳ ಮುಖ್ಯ. ಕೆಳಗೆ ಹೋದ ಹಾಗೆ ನಮ್ಮ ಕಿವಿಯೇ ಮಂದವಾಗುತ್ತದೆ. 30 ಹರ್ಟ್ಜ್ ಬಂದಾಗ "ಏನೂ ಕೇಳಿಸುತ್ತಿಲ್ಲವಲ್ಲ" ಅಂತ ಕೈ ರಿಮೋಟಿಗೆ ಹೋಗುತ್ತದೆ. ಪೋರ್ಟ್ ಇರುವ ಡಬ್ಬದಲ್ಲಿ ಒಂದು ಮಿತಿಗಿಂತ ಕೆಳಗೆ ಒಳಗಿನ ಗಾಳಿ ಕೋನ್ ಅನ್ನು, ಅಂದರೆ ಅದುರಿ ಸದ್ದು ಮಾಡುವ ಪರದೆಯನ್ನು, ಹಿಡಿದುಕೊಳ್ಳುವುದಿಲ್ಲ. ಸದ್ದು ಬರದಿದ್ದರೂ ಕೋನ್ ಮಾತ್ರ ಹುಚ್ಚು ಹಿಡಿದ ಹಾಗೆ ಒಳಗೆ ಹೊರಗೆ ಓಡಾಡುತ್ತದೆ. "ತಕ್" ಅಂತ ಒಂದು ಸದ್ದು ಬಂದರೆ ಆ ಕ್ಷಣ ನಿಲ್ಲಿಸಿ. ಕೋನ್ ಅನ್ನು ಅಲುಗಿಸುವ ಕಾಯಿಲ್ ತನ್ನ ಎಲ್ಲೆ ಮುಟ್ಟಿತು ಅಂತ ಅರ್ಥ. ಪೂರ್ತಿ ಮುಚ್ಚಿದ ಡಬ್ಬದಲ್ಲಿ ಈ ಭಯ ಕಡಿಮೆ. ಅಲ್ಲಿ ಸದ್ದು ಮೆಲ್ಲಗೆ ಇಳಿಯುತ್ತದೆ, ಒಂದು ಸಪ್ತಕಕ್ಕೆ, ಅಂದರೆ ಹರ್ಟ್ಜ್ ಅರ್ಧವಾಗುವಷ್ಟರಲ್ಲಿ, 12 ಡೆಸಿಬಲ್. ಪೋರ್ಟ್ ಇರುವುದರಲ್ಲಿ ಮಿತಿ ದಾಟಿದ ಮೇಲೆ 24. ಅಂದರೆ ಬಾವಿಗೆ ಬಿದ್ದ ಹಾಗೆ.

ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಹೀಗೆ. 100ರಿಂದ 60ರವರೆಗೆ ತಕರಾರಿಲ್ಲ. 57ಕ್ಕೆ ಸ್ವಲ್ಪ ಉಬ್ಬು. 50ಕ್ಕೆ ತಗ್ಗು. 38ಕ್ಕೆ ಮತ್ತೆ ಉಬ್ಬು, ಸೋಫಾ ಹಿಂದಿನ ಗೋಡೆಗೆ ತಾಗಿಕೊಂಡೇ ಇದೆಯಲ್ಲ. ಅರ್ಧ ಅಡಿ ಮುಂದೆ ಎಳೆದಾಗ ಸ್ವಲ್ಪ ಕಡಿಮೆಯಾಯಿತು, ಅದಕ್ಕಿಂತ ಜಾಸ್ತಿ ಎಳೆದರೆ ಬಾಗಿಲು ತೆಗೆಯಲಾಗದು. 35ಕ್ಕೆ ಮೈಗೆ ಮುಟ್ಟುವ ಹಾಗೆ ಒಳ್ಳೆಯ ಸದ್ದು. 30ಕ್ಕೆ ಪೋರ್ಟ್‌ನಿಂದ ಫುಸ್ ಫುಸ್. 25ಕ್ಕೆ ಸುಳ್ಳು.

ಸುಳ್ಳು ಅಂದದ್ದಕ್ಕೆ ಕಾರಣವಿದೆ. 25 ಹಾಕಿದಾಗ ನನಗೆ ಗೂಂ ಅಂತ ಸ್ಪಷ್ಟವಾಗಿಯೇ ಕೇಳಿಸಿತು. ಪರವಾಗಿಲ್ಲವೇ ಅಂದುಕೊಂಡೆ. ಆಮೇಲೆ ಅನುಮಾನ ಬಂದು ಆ ಸ್ವರವನ್ನು ಗುನುಗುತ್ತಲೇ 50 ಹಾಕಿದೆ. ಎರಡೂ ಒಂದೇ ಸ್ವರ! ಡಬ್ಬಕ್ಕೆ 25 ಹಾಡಲು ಬರುತ್ತಿಲ್ಲ. ಮಂದ್ರದ ಷಡ್ಜ ಹಿಡಿಯಲಾಗದ ಗಾಯಕ ಮಧ್ಯ ಷಡ್ಜ ಹಾಡಿ ಪಾರಾಗುವ ಹಾಗೆ, ಅದು ಒಂದು ಸಪ್ತಕ ಮೇಲೆ ಹಾಡಿ ನನ್ನನ್ನು ಏಮಾರಿಸುತ್ತಿತ್ತು. ಇದೇ ವಿರೂಪ. ಅಗ್ಗದ ಸಬ್‌ವೂಫರ್‌ಗಳು "ಭಾರಿ ಬೇಸ್" ಅನ್ನಿಸಿಕೊಳ್ಳುವುದರ ಗುಟ್ಟು ಬಹಳ ಸಲ ಇಷ್ಟೇ. ಈ ಗುನುಗುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ, ಸ್ವಲ್ಪ ಶ್ರುತಿಜ್ಞಾನ ಇದ್ದರೆ ಸಾಕು.

ಫುಸ್ ಫುಸ್ ನಿಲ್ಲಿಸಲು ಪೋರ್ಟ್‌ಗೆ ಹಳೆಯ ಕಾಲುಚೀಲ ಎರಡು ತುರುಕಿ ನೋಡಿದೆ. ನಿಂತಿತು. ಆದರೆ 35ರ ಚೆಂದವೂ ಹೋಯಿತು. ತೆಗೆದುಬಿಟ್ಟೆ. ನಿಮ್ಮ ಕೋಣೆಯಲ್ಲಿ ಬೇಸ್ ಜಾಸ್ತಿಯಾಗಿ ಉಬ್ಬುತ್ತಿದ್ದರೆ ಇದನ್ನು ಮಾಡಿ ನೋಡಬಹುದು.

40ರ ಸ್ವರ ಓಡುತ್ತಿರುವಾಗಲೇ ಒಂದು ಅಗರಬತ್ತಿ ಹಚ್ಚಿ ಕೋನ್‌ನ ಅಂಚು, ಹಿಂದಿನ ತಗಡು, ಸ್ಕ್ರೂಗಳ ಸುತ್ತ ಹಿಡಿಯಿರಿ. ಪೋರ್ಟ್ ಬಿಟ್ಟು ಬೇರೆ ಕಡೆ ಹೊಗೆ ಅಲುಗಾಡಿದರೆ ಅಲ್ಲಿ ಗಾಳಿ ಸೋರುತ್ತಿದೆ. ಸ್ಕ್ರೂ ಬಿಗಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡಬ್ಬದ್ದಲ್ಲದ ಸದ್ದುಗಳು

45ರ ಹತ್ತಿರ ಭಯಂಕರ ಜರ್‌ಜರ್ ಬಂತು. ಕೋನ್ ಹರಿದಿದೆ ಅಂತ ಹೆದರಿದೆ. ಆಮೇಲೆ ನೋಡಿದರೆ ಅಡುಗೆಮನೆಯ ಸ್ಟೀಲ್ ತಟ್ಟೆ ಸ್ಟ್ಯಾಂಡ್! ಸ್ವರವನ್ನು ಓಡಲು ಬಿಟ್ಟು, ಮನೆಯೆಲ್ಲ ಸುತ್ತಿ ಒಂದೊಂದನ್ನೇ ಕೈಯಿಂದ ಒತ್ತಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅದೇ ಅಪರಾಧಿ. ನಮ್ಮಲ್ಲಿ ಸಿಕ್ಕಿದ್ದು ತಟ್ಟೆ ಸ್ಟ್ಯಾಂಡ್, ಸರಿಯುವ ಅಲ್ಯುಮಿನಿಯಂ ಕಿಟಕಿ, ಫ್ಯಾನಿನ ಮೇಲಿನ ಬಟ್ಟಲು, ದೇವರ ಕಪಾಟಿನ ಬಾಗಿಲು. ಒಂದಕ್ಕೆ ಮಡಿಚಿದ ಕಾಗದ, ಒಂದಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಇಷ್ಟಕ್ಕೇ ಡಬ್ಬದ ಬೆಲೆ ಐದು ಸಾವಿರ ಜಾಸ್ತಿಯಾದ ಹಾಗೆ ಕೇಳಿಸಿತು.

ಮೊಬೈಲಿನ ಡೆಸಿಬಲ್ ಆ್ಯಪ್ ಬಗ್ಗೆ ಒಂದು ಮಾತು. ಅವು ಸಾಮಾನ್ಯವಾಗಿ "ಎ" ಅನ್ನುವ ಲೆಕ್ಕದಲ್ಲಿ ಅಳೆಯುತ್ತವೆ. ಆ ಲೆಕ್ಕ 50 ಹರ್ಟ್ಜ್‌ನಲ್ಲಿ ಸುಮಾರು 30 ಡೆಸಿಬಲ್ ಕಳೆದುಬಿಡುತ್ತದೆ. "ಸಿ" ಅಂತ ಆಯ್ಕೆ ಇದ್ದರೆ ಅದನ್ನು ಹಾಕಿ. ಆಗಲೂ ಮೊಬೈಲಿನ ಮೈಕ್ ಮಾತಿಗಾಗಿ ಮಾಡಿದ್ದು, ಕೆಳಗಿನ ಸ್ವರಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಒಂದೇ ಸ್ವರದಲ್ಲಿ ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಹೋಲಿಸಲು ಮಾತ್ರ ಬಳಸಿ. ಪೂರ್ತಿ ನಕ್ಷೆಯೇ ಬೇಕು ಅನ್ನುವವರಿಗೆ ರೂಮ್ ಈಕ್ಯೂ ವಿಝಾರ್ಡ್ ಪುಕ್ಕಟೆ ಸಿಗುತ್ತದೆ, ಅಳತೆಯ ಯುಎಸ್‌ಬಿ ಮೈಕ್ ಬೇರೆ ಕೊಳ್ಳಬೇಕು. ನನಗೆ ನೋಟ್‌ಬುಕ್ ಸಾಕಾಯಿತು.

ಫೇಸ್ ಸ್ವಿಚ್ಚಿಗೆ ಇಬ್ಬರು ಬೇಕು. 80ರ ಸ್ವರ ಹಾಕಿ, ಮುಂದಿನ ಸ್ಪೀಕರ್‌ಗಳೂ ಸಬ್‌ವೂಫರೂ ಜತೆಗೆ ಹಾಡಲಿ. ಒಬ್ಬರು ಸೋಫಾದಲ್ಲಿ ಕೂರಲಿ, ಇನ್ನೊಬ್ಬರು ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಾಯಿಸಲಿ. ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದೇ ಸರಿ. ಅಷ್ಟೆ.

ಕೊನೆಗೆ ಸಬ್‌ವೂಫರ್‌ನ ಮಟ್ಟ. ಗಂಡಸರು ವಾರ್ತೆ ಓದುವುದನ್ನು ಹಾಕಿ. ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿದ್ದರೆ ಸಬ್‌ವೂಫರ್ ಜಾಸ್ತಿಯಾಗಿದೆ, ಇಳಿಸಿ. ಆಮೇಲೆ ಡೊಳ್ಳು ಕುಣಿತದ ಒಂದು ಒಳ್ಳೆಯ ಧ್ವನಿಮುದ್ರಣ. ಪೆಟ್ಟು ಬಿದ್ದು ನಿಲ್ಲಬೇಕು, ಬಾಲ ಎಳೆಯಬಾರದು. ನಮ್ಮೂರು ಕುಮಟಾ ಕಡೆಯದು, ಯಕ್ಷಗಾನ ಹಾಕಿ ನೋಡದೆ ಇರಲಾಗಲಿಲ್ಲ. ಚಂಡೆಗೆ ಸಬ್‌ವೂಫರ್ ಬೇಕೇ ಇಲ್ಲ, ಅದು ನೇರ ನೆತ್ತಿಗೆ ಹೋಗುತ್ತದೆ. ಮದ್ದಳೆಯ ಎಡಗೈ ಪೆಟ್ಟಿಗೆ ಮಾತ್ರ ತೂಕ ಬಂತು. ಹಾಡು ಕೇಳುವವರಿಗೆ 35ರ ಡಬ್ಬ ಬೇಕಾದಷ್ಟಾಯಿತು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಅದಕ್ಕಿಂತ ಕೆಳಗೆ ಇಳಿಯುವುದು ಸಿನಿಮಾದ ಸ್ಫೋಟಗಳು, ಭೂಕಂಪಗಳು. ಅವುಗಳಲ್ಲಿ ಸ್ವಲ್ಪ ನಷ್ಟ ಇದೆ. 12 ಸಾವಿರಕ್ಕೆ ಭೂಕಂಪ ಕೇಳಬಾರದು.

ಎಲ್ಲ ಮುಗಿಸಿ ಒಂದು ಗಂಟೆ ಸಿನಿಮಾ ಓಡಿಸಿ ಹಿಂದಿನ ತಗಡು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ವಾಪಸ್ ಕೊಡಿ. ತಾನಾಗಿ ಆನ್ ಆಗುವ ವ್ಯವಸ್ಥೆ ಮೆಲುದನಿಯ ದೃಶ್ಯದಲ್ಲಿ ನಿದ್ದೆ ಹೋಗುತ್ತದೆಯೇ ಅಂತಲೂ ಗಮನಿಸಿ. ನಮ್ಮದು ಹೋಗುತ್ತಿತ್ತು, ಆ ಸ್ವಿಚ್ಚನ್ನು "ಆನ್"ಗೇ ಇಟ್ಟೆ.

ಕೆಳಗಿನ ಮನೆ

ಇದನ್ನು ಯಾರೂ ಪರೀಕ್ಷೆಯಲ್ಲಿ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಡಬ್ಬ ಬಾರಿಸಲು ಬಿಟ್ಟು ನಾನೇ ಕೆಳಗೆ ಹೋಗಿ ಆಜಿಯ ಮನೆ ಬೆಲ್ ಮಾಡಿದೆ. ಅವರಿಗೆ ಎಂಬತ್ತು ದಾಟಿದೆ. "ಏನು ನಡೆದಿದೆ ಮೇಲೆ, ಗಿರಣಿ ಹಾಕಿದ್ದೀರಾ?" ಅಂತ ಮರಾಠಿಯಲ್ಲಿ ಕೇಳಿದರು. ಅವರ ಹಾಲ್‌ನಲ್ಲಿ ಕೂತು ಕೇಳಿದೆ. ಮಾತು, ಹಾಡು ಏನೂ ಇಲ್ಲ, ಬರೀ ಧಡ್ ಧಡ್. ಬೇಸ್ ಮಾತ್ರ ಸ್ಲ್ಯಾಬ್ ದಾಟಿ ಇಳಿಯುತ್ತದೆ. ಹಳೆಯ ಯೋಗ ಮ್ಯಾಟ್ ನಾಲ್ಕು ಮಡಿಕೆ ಮಾಡಿ ಡಬ್ಬದ ಕಾಲುಗಳ ಕೆಳಗೆ ಹಾಕಿದೆ. ನೆಲದ ಅದುರು ಕಡಿಮೆಯಾಯಿತು, ಗಾಳಿಯಲ್ಲಿ ಹೋಗುವುದು ಹೋಗುತ್ತಲೇ ಇತ್ತು. ರಾತ್ರಿಗೆ ರಿಸೀವರ್‌ನಲ್ಲಿ ನೈಟ್ ಮೋಡ್ ಇರುತ್ತದೆ, ಜೋರಿನ ದೃಶ್ಯಗಳನ್ನು ತಗ್ಗಿಸಿ ಮಾತನ್ನು ಹಾಗೇ ಬಿಡುತ್ತದೆ, ಅದನ್ನು ಬಳಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಅದನ್ನೂ ಅಳೆಯುವುದು ಆ "ಎ" ಲೆಕ್ಕದಲ್ಲೇ, ಹಾಗಾಗಿ ಕಾನೂನಿನಲ್ಲಿ ಪಾಸಾದ ಬೇಸ್ ಆಜಿಯ ಹತ್ತಿರ ಫೇಲ್ ಆಗಬಹುದು.

ಆಮೇಲೆ ಹುಡುಗ ಮೇಲೆ ವಾಲ್ಯೂಮ್ ಇಳಿಸುತ್ತಾ ಹೋದ, ನಾನು ಕೆಳಗೆ ಆಜಿಯ ಪಕ್ಕ ಫೋನ್ ಹಿಡಿದು ಕೂತೆ. ಆಜಿ ಕೈ ಎತ್ತಿದ ಕಡೆ ನಿಲ್ಲಿಸಿದ. ಸಬ್‌ವೂಫರ್‌ನ ವಾಲ್ಯೂಮ್ ತಿರುಪಿನ ಪಕ್ಕ ಈಗ ಎರಡು ಟಿಕಲಿ ಅಂಟಿಸಿದ್ದೇನೆ. ಕೆಂಪು ನಮ್ಮದು, ಆಜಿ ಮಗಳ ಮನೆಗೆ ಠಾಣೆಗೆ ಹೋದ ದಿನಗಳಿಗೆ. ಕಪ್ಪು ಉಳಿದ ದಿನಗಳಿಗೆ.